ಮೊಲದ ಹಿಕ್ಕೆಯಲ್ಲಿ ಹುಳ ಕಂಡಾಗ ನಾವು ಮಾಡಿದ್ದು

ಮೊಲ ಸಾಕುವವರು ಬೆಳಿಗ್ಗೆ ಎದ್ದು ಮೊದಲು ನೋಡಬೇಕಾದ್ದು ಅದರ ಹಿಕ್ಕೆ. ಇದನ್ನು ಹೇಳಿದರೆ ನಮ್ಮ ಮನೆಯವರೆಲ್ಲ ಮುಖ ಸಿಂಡರಿಸುತ್ತಾರೆ. ಆದರೆ ಮೊಲ ಸಾಮಾನ್ಯವಾಗಿ ಅರಚುವುದಿಲ್ಲ, ವಾಂತಿಯಂತೂ ಮಾಡುವುದಿಲ್ಲ. ಹೊಟ್ಟೆ ನೋಯುತ್ತಿದ್ದರೂ ಸುಮ್ನೆ ಮೂಲೆಯಲ್ಲಿ ಮುದುರಿಕೊಂಡು ಕೂರುತ್ತದೆ. ಒಳಗೆ ಏನಾಗುತ್ತಿದೆ ಅಂತ ತಿಳಿಯೋಕೆ ಹಿಕ್ಕೆ ಬಿಟ್ಟರೆ ಬೇರೆ ದಾರಿ ಕಡಿಮೆ.

ನಮ್ಮ ಮನೆ ದಾವಣಗೆರೆಯ ವಿದ್ಯಾನಗರದಲ್ಲಿ. ಮೊಲ ಎರಡು, ಬೆಣ್ಣೆ ಮತ್ತು ಗುಂಡ. ಈ ಊರಲ್ಲಿ ಬಿಳಿ ಮೊಲಕ್ಕೆ ಇನ್ಯಾವ ಹೆಸರು ಇಡೋಕಾಗುತ್ತೆ ಹೇಳಿ. ಗುಂಡನ ಹಿಕ್ಕೆ ಮೇಲೆ ಬಿಳಿ ದಾರದ ಎಳೆಯಂಥದ್ದು ಅಂಟಿಕೊಂಡಿತ್ತು. ಟವೆಲಿನದೋ ಏನೋ ಅಂತ ಕಡ್ಡಿಯಿಂದ ಬಿಡಿಸಿ, ಕರಿ ಮುಚ್ಚಳದ ಮೇಲೆ ಹಾಕಿ, ಒಂದು ಹನಿ ನೀರು ಬಿಟ್ಟೆ. ಅದು ಮೆಲ್ಲಗೆ ಅಲುಗಾಡಿತು. ಅರ್ಧ ಸೆಂಟಿಮೀಟರಿಗಿಂತ ಸ್ವಲ್ಪ ಉದ್ದ, ಒಂದು ತುದಿ ಚೂಪು. ತಿನ್ನುವುದರಲ್ಲಿ ಗುಂಡನಿಗೆ ಏನೂ ಕಡಿಮೆ ಇರಲಿಲ್ಲ. ಹಿಂಭಾಗವನ್ನು ಮಾತ್ರ ಜಾಸ್ತಿ ನೆಕ್ಕಿಕೊಳ್ಳುತ್ತಿದ್ದ, ಮೈಮೇಲಿನ ಕೂದಲು ಹೊಳಪು ಕಳೆದುಕೊಂಡಿತ್ತು.

ಸುದ್ದಿ ಓಣಿಗೆ ಹೋಯಿತು. ಪಕ್ಕದ ಮನೆ ಅಜ್ಜಿ, "ಬೇವಿನ ಸೊಪ್ಪು ಅರೆದು ಕುಡಿಸವ್ವ" ಅಂದರು. ಎದುರು ಮನೆಯವರು ಒಂದು ಮಾತ್ರೆಯನ್ನೇ ತಂದು ಕೈಗಿಟ್ಟರು. ಶಾಲೆ ಮಕ್ಕಳಿಗೆ ಜಂತುಹುಳು ನಿವಾರಣಾ ದಿನ ಕೊಡುತ್ತಾರಲ್ಲ, ಆ ಆಲ್ಬೆಂಡಜೋಲ್. "ಕಾಲು ಭಾಗ ಮುರಿದು ಕೊಡ್ರಿ, ಸಾಕು" ಅಂದರು. ಮಾತ್ರೆ 400 ಮಿಲಿಗ್ರಾಂ. ಕಾಲು ಭಾಗ ಅಂದರೂ 100 ಮಿಲಿಗ್ರಾಂ, ಎರಡು ಕೆಜಿಯೂ ಇಲ್ಲದ ಪ್ರಾಣಿಗೆ! ಅದೂ ಅಲ್ಲದೆ, ಆಲ್ಬೆಂಡಜೋಲ್‌ನಿಂದ ಮೊಲಗಳ ಮೂಳೆ ಮಜ್ಜೆಗೆ ಪೆಟ್ಟು ಬಿದ್ದು, ರಕ್ತಕಣ ಕುಸಿದು ಸತ್ತ ಉದಾಹರಣೆಗಳು ಪಶುವೈದ್ಯರ ದಾಖಲೆಗಳಲ್ಲಿವೆ. ಮಾತ್ರೆಯನ್ನು ಥ್ಯಾಂಕ್ಸ್ ಹೇಳಿ ಇಸ್ಕೊಂಡೆ, ಮೊಲಕ್ಕೆ ಕೊಡಲಿಲ್ಲ.

ಪಶು ಆಸ್ಪತ್ರೆಗೆ ಹೋಗುವಾಗ ಅವತ್ತಿನ ಹಿಕ್ಕೆಯನ್ನೇ ಒಂದು ಚಿಕ್ಕ ಡಬ್ಬಿಗೆ ಹಾಕಿಕೊಂಡು ಹೋಗಿ. ಒಣಗಿದ್ದು ಪರೀಕ್ಷೆಗೆ ಅಷ್ಟು ಉಪಯೋಗಕ್ಕೆ ಬರುವುದಿಲ್ಲ. ನಮ್ಮ ಕಡೆ ಆಸ್ಪತ್ರೆಗೆ ಬರುವುದು ಎಮ್ಮೆ, ಹಸು, ಕುರಿ. ಮೊಲದ ಬುಟ್ಟಿ ಹಿಡಿದು ಕೂತರೆ ಎಲ್ಲರೂ ಬಂದು ಇಣುಕುತ್ತಾರೆ. ಆದರೆ ಡಾಕ್ಟರು ಗಮನ ಕೊಟ್ಟೇ ನೋಡಿದರು. ಹಿಂಭಾಗಕ್ಕೆ ಪಾರದರ್ಶಕ ಟೇಪ್ ಒತ್ತಿ ತೆಗೆದು, ಗಾಜಿಗೆ ಅಂಟಿಸಿ, ಮೈಕ್ರೋಸ್ಕೋಪಿನಲ್ಲಿ ನನಗೂ ತೋರಿಸಿದರು. ಉದ್ದುದ್ದ ಮೊಟ್ಟೆ, ಒಂದು ಕಡೆ ಚಪ್ಪಟೆ.

"ಇದು ಮೊಲದ ಪಿನ್‌ವರ್ಮ್ ಕಣಮ್ಮ, ಪಾಸಲುರಸ್ ಅಂತ. ಹೆದರಬೇಡಿ, ನಿಮ್ಮ ಮಕ್ಕಳಿಗೆ ಇದು ಬರಲ್ಲ."

"ಮಕ್ಕಳಿಗೂ ಪಿನ್‌ವರ್ಮ್ ಆಗುತ್ತಲ್ಲ ಸಾರ್?"

"ಆಗುತ್ತೆ, ಅದರ ಜಾತಿ ಬೇರೆ. ಅದು ಮನುಷ್ಯರದ್ದು, ಇದು ಮೊಲದ್ದು."

ದೊಡ್ಡ ಮೊಲಕ್ಕೆ ಈ ಹುಳದಿಂದ ಅಂಥ ತೊಂದರೆ ಇಲ್ಲ. ತುಂಬಾ ಹೆಚ್ಚಾದಾಗ, ಅದರಲ್ಲೂ ಮರಿಗಳಲ್ಲಿ, ತೂಕ ಏರುವುದಿಲ್ಲ, ಮೈ ಬಡಕಲಾಗುತ್ತದೆ. ಮರಿಗಳು ಭೇದಿಯಿಂದ ಸಾಯುತ್ತಿದ್ದರೆ ಅದು ಬಹುತೇಕ ಹುಳದ ಕೆಲಸವಲ್ಲ. ಕಾಕ್ಸಿಡಿಯ ಅನ್ನುವ ಸೂಕ್ಷ್ಮಜೀವಿ ಇರಬಹುದು, ಅದಕ್ಕೆ ಜಂತಿನ ಔಷಧಿ ಕೆಲಸ ಮಾಡುವುದಿಲ್ಲ. ಪರೀಕ್ಷೆ ಮಾಡಿಸದೆ ಔಷಧಿ ಹಾಕಬೇಡಿ ಅನ್ನುವುದು ಇದಕ್ಕೇ.

ಔಷಧಿ ಬರೆದದ್ದು ಫೆನ್‌ಬೆಂಡಜೋಲ್. ಒಂದು ಕೆಜಿ ತೂಕಕ್ಕೆ 20 ಮಿಲಿಗ್ರಾಂ, ಎರಡು ವಾರ ಬಿಟ್ಟು ಮತ್ತೊಂದು ಸಲ. ಇಲ್ಲಿ ಒಂದು ಲೆಕ್ಕ ನೋಡಿ. ಇದು ಕುರಿ ಸಾಕುವ ಸೀಮೆ, ಮೆಡಿಕಲ್‌ಗಳಲ್ಲಿ ಸಿಗುವುದೆಲ್ಲ ಕುರಿ ದನಗಳಿಗೆ ಅಂತ ಮಾಡಿದ ಬಾಟಲಿ. ಅದೇ ಔಷಧಿ ಶೇಕಡಾ 2.5ರದ್ದೂ (ಒಂದು ಎಂಎಲ್‌ನಲ್ಲಿ 25 ಮಿಲಿಗ್ರಾಂ) ಇರುತ್ತದೆ, 10ರದ್ದೂ (100 ಮಿಲಿಗ್ರಾಂ) ಇರುತ್ತದೆ. ಗುಂಡನ ತೂಕ 1.8 ಕೆಜಿ, ಅವನಿಗೆ ಬೇಕಾದ್ದು 36 ಮಿಲಿಗ್ರಾಂ. 2.5ರ ಬಾಟಲಿಯಾದರೆ ಹತ್ತಿರ ಹತ್ತಿರ ಒಂದೂವರೆ ಎಂಎಲ್. 10ರದ್ದಾದರೆ ಅರ್ಧ ಎಂಎಲ್ಲೂ ಬೇಡ, 0.36 ಸಾಕು. ಬಾಟಲಿ ಮೇಲಿನ ಅಂಕಿ ನೋಡದೆ ಹೋದ ಸಲದಷ್ಟೇ ಎಳೆದುಕೊಂಡರೆ ಡೋಸ್ ನಾಲ್ಕು ಪಟ್ಟಾಗಬಹುದು. ನಾನು ಲೇಬಲ್ ಫೋಟೋ ತೆಗೆದು ಡಾಕ್ಟರಿಗೆ ತೋರಿಸಿ, ಸಿರಿಂಜಿನ ಮೇಲೆ ಪೆನ್ನಿನಿಂದ ಗೆರೆ ಹಾಕಿಸಿಕೊಂಡು ಬಂದೆ. ತೂಕಕ್ಕೆ ಅಡುಗೆಮನೆ ತಕ್ಕಡಿಯೇ ಸಾಕು, ಮೊಲವನ್ನು ಪಾತ್ರೆಯಲ್ಲಿ ಕೂರಿಸಿ, ಪಾತ್ರೆ ತೂಕ ಕಳೆಯಿರಿ. ಇವರ್ಮೆಕ್ಟಿನ್ ಹಾಕಿಸಿಬಿಡಿ ಅನ್ನುವವರೂ ಇದ್ದಾರೆ. ಅದು ಮೈಮೇಲಿನ ಕಜ್ಜಿ ಹುಳಕ್ಕೆ ಸರಿ, ಈ ಹುಳಕ್ಕಲ್ಲ.

ಕುಡಿಸುವ ಮುಂಚೆ ಮೊಲವನ್ನು ಉಪವಾಸ ಕೆಡವಬೇಡಿ. ಅದರ ಹೊಟ್ಟೆ ಸದಾ ಓಡುತ್ತಿರಬೇಕು. ಟವೆಲಿನಲ್ಲಿ ಕಿವಿ ಬಿಟ್ಟು ಸುತ್ತಿ, ತೊಡೆ ಮೇಲೆ ಕೂರಿಸಿಕೊಂಡು, ಸೂಜಿ ತೆಗೆದ ಸಿರಿಂಜನ್ನು ಬಾಯಿಯ ಪಕ್ಕದಿಂದ, ಮುಂದಿನ ಹಲ್ಲುಗಳ ಹಿಂದಿರುವ ಸಂದಿಗೆ ಹಾಕಬೇಕು. ಸ್ವಲ್ಪ ಬಿಡಿ, ಜಗಿಯುವುದನ್ನು ನೋಡಿ, ಮತ್ತೆ ಸ್ವಲ್ಪ ಬಿಡಿ. ತಲೆ ಮೇಲಕ್ಕೆತ್ತಿ ಸುರಿದರೆ ಶ್ವಾಸಕೋಶಕ್ಕೆ ಹೋಗುತ್ತದೆ. ಬೆಣ್ಣೆಯ ಹಿಕ್ಕೆಯಲ್ಲಿ ಏನೂ ಕಂಡಿರಲಿಲ್ಲ, ಆದರೂ ಒಂದೇ ಗೂಡಿನಲ್ಲಿದ್ದಾಳೆ ಅಂತ ಅವಳಿಗೂ ಅವಳ ತೂಕದ ಲೆಕ್ಕದಲ್ಲಿ ಕೊಟ್ಟೆವು.

ಔಷಧಿ ಸುಲಭ, ಕಷ್ಟದ ಕೆಲಸ ಗೂಡಿನದು. ಮೊಲ ಎರಡು ಥರದ ಹಿಕ್ಕೆ ಹಾಕುತ್ತದೆ. ಒಂದು ನಮಗೆ ಕಾಣುವ ಗಟ್ಟಿ ಗುಂಡು. ಇನ್ನೊಂದು ಕರ್ರಗೆ, ಮೆತ್ತಗೆ, ಒಂದಕ್ಕೊಂದು ಅಂಟಿಕೊಂಡಿರುತ್ತದೆ. ಅದನ್ನು ಮೊಲ ನೇರವಾಗಿ ಹಿಂಭಾಗದಿಂದಲೇ ಬಾಯಿಗೆ ತೆಗೆದುಕೊಂಡು ತಿನ್ನುತ್ತದೆ. ಅಸಹ್ಯ ಅಂತ ತಡೆಯಬೇಡಿ, ಅದರ ಬಿ ವಿಟಮಿನ್ನು, ಪ್ರೋಟೀನು ಎಲ್ಲ ಅದರಲ್ಲಿರುವುದು. ಆದರೆ ಹುಳ ಮೊಟ್ಟೆ ಇಡುವುದೂ ಅದೇ ಜಾಗದಲ್ಲಿ. ಒಂದು ಕಡೆ ನಾವು ಔಷಧಿ ಹಾಕುತ್ತೇವೆ, ಇನ್ನೊಂದು ಕಡೆ ಅದು ಮೊಟ್ಟೆ ನುಂಗುತ್ತದೆ. ಅದಕ್ಕೇ ಔಷಧಿ ಕೊಟ್ಟ ದಿನವೇ ಹಿಂಭಾಗವನ್ನು ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಿದೆವು. ಹಾಸಿದ್ದ ಗೋಣಿಚೀಲ ಬಿಸಾಕಿದೆವು. ತಟ್ಟೆ, ನೀರಿನ ಬಟ್ಟಲು, ಗೂಡಿನ ತಳ ಎಲ್ಲದಕ್ಕೂ ಕುದಿಯುವ ನೀರು ಸುರಿದು ಬಿಸಿಲಿಗಿಟ್ಟೆವು. ದಾವಣಗೆರೆಯಲ್ಲಿ ಬಿಸಿಲಿಗೇನು ಬರವಿಲ್ಲ. ಮೊಲಗಳನ್ನು ಮಾತ್ರ ನೆರಳಿನಲ್ಲೇ ಬಿಡಿ, ಅವುಗಳಿಗೆ ಸೆಕೆ ತಡೆಯುವುದಿಲ್ಲ. ಫಿನಾಯಿಲ್ ಹಾಕಲಿಲ್ಲ. ನೆಲದಲ್ಲಿ ಓಡಾಡಿ ಕಾಲು ನೆಕ್ಕುವ ಪ್ರಾಣಿ ಅದು. ಎರಡನೇ ಡೋಸಿನ ದಿನವೂ ಇಷ್ಟೂ ಕೆಲಸ ಮತ್ತೆ ಮಾಡಿದೆವು. ಮಗ ಗೊಣಗಿದ, ಮಾಡಿದ.

ಹುಲ್ಲಿನ ಜಾಗವನ್ನೂ ಬದಲಾಯಿಸಿದೆವು. ಮುಂಚೆ ಕುಂದುವಾಡ ಕೆರೆ ಕಡೆ ವಾಕಿಂಗ್ ಹೋದಾಗ ಗರಿಕೆ ಕಿತ್ತು ತರುತ್ತಿದ್ದೆವು. ಪಿನ್‌ವರ್ಮ್‌ಗೂ ಆ ಹುಲ್ಲಿಗೂ ಸಂಬಂಧ ಇಲ್ಲ. ಆದರೆ ನಾಯಿಗಳು ಓಡಾಡುವ ಕಡೆ ಹುಲ್ಲಿನ ಮೇಲೆ ನಾಯಿಯ ಲಾಡಿಹುಳದ ಮೊಟ್ಟೆ ಇರಬಹುದು. ಅದು ಮೊಲದ ಹೊಟ್ಟೆ ಸೇರಿದರೆ ಯಕೃತ್ತಿನಲ್ಲೂ ಕರುಳಿನ ಸುತ್ತಲ ಪೊರೆಯಲ್ಲೂ ನೀರ್ಗುಳ್ಳೆ ಕಟ್ಟುತ್ತದೆ, ಹಿಕ್ಕೆಯಲ್ಲಿ ಏನೂ ಕಾಣುವುದಿಲ್ಲ. ಈಗ ಪರಿಚಯದ ರೈತರೊಬ್ಬರ ಹೊಲದ ಬದುವಿನಿಂದ ಹುಲ್ಲು, ಸೀಸನ್ನಿನಲ್ಲಿ ಮೆಕ್ಕೆಜೋಳದ ಹಸಿ ಗರಿ ತರಿಸುತ್ತೇವೆ. ಕಾಳು ಕೊಡುವುದಿಲ್ಲ.

ಮಳೆಗಾಲದಲ್ಲಿ ಹಿಂಭಾಗ ಒದ್ದೆಯಾಗಿದ್ದು, ಚರ್ಮದ ಮೇಲೆ ದಪ್ಪ ದಪ್ಪ ಬಿಳಿ ಹುಳ ಹರಿದಾಡುತ್ತಿದ್ದರೆ ಅದು ಹೊಟ್ಟೆಯ ಹುಳ ಅಲ್ಲ. ನೊಣ ಮೊಟ್ಟೆಯಿಟ್ಟು ಆದ ಹುಳ, ಮಾಂಸವನ್ನೇ ತಿನ್ನುತ್ತದೆ. ನಾಳೆ ನೋಡೋಣ ಅನ್ನಬೇಡಿ, ಆ ಗಳಿಗೆಯಲ್ಲೇ ಡಾಕ್ಟರ ಹತ್ತಿರ ಓಡಿ.

ಎರಡನೇ ಡೋಸ್ ಆದಮೇಲೆ ಮತ್ತೆ ಟೇಪ್ ಪರೀಕ್ಷೆ ಮಾಡಿಸಿದೆವು, ಮೊಟ್ಟೆ ಕಾಣಲಿಲ್ಲ. ಮೂರು ತಿಂಗಳಿಗೊಮ್ಮೆ ತಪ್ಪದೆ ಜಂತಿನ ಔಷಧಿ ಹಾಕಿ ಅಂತ ಮೊಲ ಮಾರುವವರು ಹೇಳುತ್ತಾರೆ. ಡಾಕ್ಟರು ಅದಕ್ಕೆ ಒಪ್ಪಲಿಲ್ಲ, ನನಗೂ ಅವರ ಮಾತೇ ಸರಿ ಅನ್ನಿಸಿತು. ಈಗ ನಾವು ಕ್ಯಾಲೆಂಡರ್ ನೋಡಿ ಔಷಧಿ ಹಾಕುವುದಿಲ್ಲ. ಹಿಕ್ಕೆಯಲ್ಲಿ ಅನುಮಾನ ಬಂದರೆ ಡಬ್ಬಿ ಹಿಡಿದುಕೊಂಡು ಹೋಗುತ್ತೇವೆ, ಅಷ್ಟೇ.