ಒಂದು ದೃಶ್ಯದ ಸದ್ದನ್ನು ಬಿಡಿಸಿ ಕೇಳುವುದು ಹೇಗೆ?

ಮೊದಲು ಎರಡು-ಮೂರು ನಿಮಿಷದ ಒಂದೇ ದೃಶ್ಯ ಆರಿಸಿಕೊಳ್ಳಿ. ಇಡೀ ಸಿನಿಮಾಕ್ಕೆ ಕೈ ಹಾಕಿದರೆ ಕತೆಯ ಸೆಳೆತದಲ್ಲಿ ಕಿವಿ ಮೈಮರೆಯುತ್ತದೆ. ಹೆಡ್‌ಫೋನ್ ಬೇಕೇ ಬೇಕು. ಮೊಬೈಲಿನ ಪುಟ್ಟ ಸ್ಪೀಕರಿನಲ್ಲಿ ದೂರದ ಗುಡುಗು, ಯಂತ್ರದ ಗುಂಯ್‌ಗುಡುವಿಕೆಯಂಥ ತಗ್ಗಿನ ಸದ್ದು ಬಹುತೇಕ ಮಾಯವಾಗುತ್ತದೆ. ಟಿ.ವಿ.ಯಲ್ಲಿ ಮಾತನ್ನಷ್ಟೇ ಎತ್ತಿ ಕೊಡುವ ಸೌಂಡ್ ಮೋಡ್ ಇದ್ದರೆ ಆಫ್ ಮಾಡಿ.

ಮೊದಲ ಸುತ್ತಿನಲ್ಲಿ ಪರದೆ ಮುಚ್ಚಿ ಕೇಳಿ. ಹಾಳೆಯಲ್ಲಿ ಐದು ಕಾಲಂ ಎಳೆಯಿರಿ: ಮಾತು, ಪರಿಸರದ ಸದ್ದು, ಫೋಲಿ, ಎಫೆಕ್ಟ್ಸ್ (ಗುಂಡು, ಸ್ಫೋಟದಂಥ ಸದ್ದು), ಸಂಗೀತ. ಹೆಜ್ಜೆ, ಸೀರೆಯ ಸರಪರ, ಲೋಟ ಇಟ್ಟ ಸದ್ದುಗಳನ್ನು ಸ್ಟುಡಿಯೊದಲ್ಲಿ ಚಿತ್ರ ನೋಡುತ್ತಾ ಮತ್ತೆ ಮಾಡಿ ಸೇರಿಸುವುದೇ ಫೋಲಿ. ಪ್ರತಿ ಸದ್ದು ಶುರುವಾದ ಮತ್ತು ನಿಂತ ಸಮಯ ಗುರುತಿಸಿ. ‘ಭಯಾನಕ ಸಂಗೀತ’ ಎಂದು ಬರೆದರೆ ಏನೂ ಬರೆದ ಹಾಗಾಗಲಿಲ್ಲ. ‘ಚೆಲ್ಲೊ (ಪಿಟೀಲಿನ ಜಾತಿಯ ದೊಡ್ಡ ವಾದ್ಯ), ತಗ್ಗಿನ ಸ್ವರ, 1:12ಕ್ಕೆ ಶುರು, 1:40ಕ್ಕೆ ಥಟ್ಟನೆ ಬಂದ್’ ಎನ್ನಿ.

ಎರಡನೇ ಸುತ್ತಿನಲ್ಲಿ ಮ್ಯೂಟ್ ಮಾಡಿ ನೋಡಿ. ಹಾಳೆಯಲ್ಲಿರುವ ಯಾವ ಸದ್ದಿಗೆ ಪರದೆಯ ಮೇಲೆ ಮೂಲವೇ ಕಾಣುವುದಿಲ್ಲವೋ ಅದಕ್ಕೆ ಗೆರೆ ಹಾಕಿ. ಅದನ್ನು ಯಾರೋ ಬೇಕೆಂದೇ ಇಟ್ಟಿದ್ದಾರೆ.

ಇದನ್ನು ಕಲಿಯಲು ‘ದಿ ಗಾಡ್‌ಫಾದರ್’ (1972) ಚಿತ್ರದ ರೆಸ್ಟೊರೆಂಟ್ ದೃಶ್ಯಕ್ಕಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ. ತನ್ನ ಮನೆತನದ ವೈರಿ ಸೊಲೊಜೊನನ್ನು ಕೊಲ್ಲಲೆಂದೇ ಮೈಕಲ್ ಅವನೆದುರು ಊಟಕ್ಕೆ ಕೂತಿದ್ದಾನೆ. ಸೊಲೊಜೊ ಇಟಾಲಿಯನ್‌ನಲ್ಲಿ ಮಾತಾಡುತ್ತಾನೆ, ಮೂಲ ಚಿತ್ರದಲ್ಲಿ ಅದಕ್ಕೆ ಸಬ್‌ಟೈಟಲ್ ಇಲ್ಲ. ಮಾತು ಅರ್ಥವಾಗದ್ದರಿಂದ ನಮ್ಮ ಗಮನ ಮೈಕಲ್‌ನ ಮುಖಕ್ಕೂ ಸುತ್ತಲಿನ ಸದ್ದಿಗೂ ಹೊರಳುತ್ತದೆ. ಗುಂಡು ಹಾರುವ ಮುನ್ನ ರೈಲೊಂದರ ಕಿರ್ರೆನ್ನುವ ಸದ್ದು ಏರುತ್ತಾ ಬರುತ್ತದೆ. ರೈಲು ಮಾತ್ರ ಕಾಣುವುದೇ ಇಲ್ಲ. ಧ್ವನಿ ವಿನ್ಯಾಸಕ ವಾಲ್ಟರ್ ಮರ್ಚ್ ಸೇರಿಸಿದ ಸದ್ದು ಅದು. ಪಕ್ಕದಲ್ಲೇ ಹಳಿಯಿದ್ದರೂ ಊಟದ ಮೇಜಿನವರೆಗೆ ಅಷ್ಟು ಜೋರಾಗಿ ಕೇಳದು. ಆ ಅಬ್ಬರ ಮೈಕಲ್‌ನ ತಲೆಯೊಳಗಿನದು. ಸಂಗೀತ ಬರುವುದು ಕೊಲೆ ಮುಗಿದು, ಪಿಸ್ತೂಲು ಅವನ ಕೈಬಿಟ್ಟ ಮೇಲೆ.

ಮೂರನೇ ಸುತ್ತು ಶಾಟ್ ಬದಲಾಗುವ ಜಾಗಗಳಿಗೆ. ಮುಂದಿನ ದೃಶ್ಯದ ಸದ್ದು ಚಿತ್ರಕ್ಕಿಂತ ಮೊದಲೇ ಕೇಳಿಸಿತೇ? ಮಾತಿನ ನಡುವಿನ ಮೌನದಲ್ಲಿ ಕೋಣೆಯ ಸಣ್ಣ ಮೊರೆತ ಉಳಿದಿದೆಯೇ? ಅದಕ್ಕೆಂದೇ ಚಿತ್ರೀಕರಣದ ಜಾಗದಲ್ಲಿ ಎಲ್ಲರನ್ನೂ ಸುಮ್ಮನಿರಿಸಿ 30ರಿಂದ 60 ಸೆಕೆಂಡು ರೂಮ್ ಟೋನ್ ರೆಕಾರ್ಡ್ ಮಾಡಿಕೊಳ್ಳುತ್ತಾರೆ. ಅದಿಲ್ಲದಿದ್ದರೆ ಮಾತು ನಿಂತಾಗಲೆಲ್ಲ ಸದ್ದು ಕತ್ತರಿಸಿ ಬಿದ್ದಂತಾಗುತ್ತದೆ.

ಡಬ್ಬಿಂಗ್‌ನ ಎಡವಟ್ಟು ಸಿಕ್ಕಿಬೀಳುವುದೂ ಇಲ್ಲೇ. ಪಾತ್ರ ಗದ್ದೆಯ ಆಚೆ ಬದುವಿನಲ್ಲಿ ನಿಂತಿರುತ್ತದೆ, ದನಿ ಮಾತ್ರ ಕಿವಿಯ ಪಕ್ಕದಲ್ಲೇ. ಸ್ಟುಡಿಯೊದ ಮೈಕಿಗೆ ಹತ್ತಿರ ನಿಂತು ಆಡಿದ ಮಾತಿಗೆ ದೂರವಾಗಲಿ ಅನುರಣನೆಯಾಗಲಿ ಸೇರಿಸದೆ ಬಿಟ್ಟದ್ದು ಕಾರಣ. ಲಾಂಗ್ ಶಾಟ್ ಮತ್ತು ಕ್ಲೋಸಪ್ ಎರಡರಲ್ಲೂ ದನಿ ಒಂದೇ ಥರ ಇದೆಯೇ ಎಂದು ಹೋಲಿಸಿದರೆ ತಕ್ಷಣ ತಿಳಿಯುತ್ತದೆ.

ಧಾರಾವಾಹಿಯಾದರೆ ಇನ್ನೊಂದು ಗಮನಿಸಿ: ನಟಿಯ ಮುಖದಲ್ಲಿ ಭಾವ ಮೂಡುವುದು ಮೊದಲೋ, ಹಿನ್ನೆಲೆ ಸಂಗೀತ ಬರುವುದು ಮೊದಲೋ? ಎರಡರ ಸಮಯವನ್ನೂ ಬರೆದಿಡಿ. ಸಂಗೀತವೇ ಮೊದಲಾದರೆ ಅಲ್ಲಿ ಅಭಿನಯಕ್ಕೆ ಜಾಗವೇ ಉಳಿದಿರುವುದಿಲ್ಲ.