ಏಜೆಂಟಿಗೆ ಟೂಲ್ ಸರ್ವರ್ ಜೋಡಿಸುವ ಮುಂಚೆ ಆ ಪ್ರಿಂಟ್ ಸಾಲು ತೆಗೆಯಿರಿ

ಹೋದ ತಿಂಗಳು ಮೂಡಿಗೆರೆ ಕಡೆಯ ಹುಡುಗನೊಬ್ಬ ಲ್ಯಾಪ್‌ಟಾಪ್ ಹಿಡಿದು ಚಿಕ್ಕಮಗಳೂರಿನ ನಮ್ಮ ಮನೆಗೆ ಬಂದ. ಅವರ ಕಾಫಿ ತೋಟದಲ್ಲಿ ಅಜ್ಜನ ಕಾಲದಿಂದ ಮಳೆ ಲೆಕ್ಕ ಬರೆದಿಟ್ಟಿದ್ದಾರೆ. ಅದನ್ನೆಲ್ಲ ಎಕ್ಸೆಲ್‌ಗೆ ಹಾಕಿದ್ದ. ಯಾವ ವರ್ಷ ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಮಳೆ, ಯಾವಾಗ ಬಂತು ಅಂತ ಕೇಳಿದರೆ ಎಐ ಏಜೆಂಟ್ (ಎಐ ಮಾಡೆಲ್ ಬಳಸಿ ಕೆಲಸ ಮಾಡಿಕೊಡುವ ಪ್ರೋಗ್ರಾಂ) ಆ ಫೈಲ್ ನೋಡಿ ಹೇಳಬೇಕು ಅನ್ನುವುದು ಅವನ ಆಸೆ. ಎರಡು ರಾತ್ರಿ ಕೂತರೂ ಜೋಡಣೆ ಆಗಿರಲಿಲ್ಲ. ತಪ್ಪಿದ್ದದ್ದು ಒಂದೇ ಸಾಲಿನಲ್ಲಿ, ಪರದೆಗೆ ಏನಾದರೂ ಬರೆಸಲು ಹಾಕುವ ಪ್ರಿಂಟ್ ಸಾಲಿನಲ್ಲಿ. ನನ್ನ ಹತ್ತಿರ ಬಂದವರಲ್ಲಿ ಅದೇ ಸಾಲಿಗೆ ಎಡವಿದ ಮೂರನೆಯವನು ಅವನು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮಾಡೆಲ್ ತಾನಾಗಿ ನಿಮ್ಮ ಫೈಲ್ ತೆರೆಯಲಾರದು. ತೆರೆದು ಓದಿ ಕೊಡಲು ಒಂದು ಪುಟ್ಟ ಪ್ರೋಗ್ರಾಂ ಬೇಕು, ಅದೇ ಟೂಲ್ ಸರ್ವರ್. ಇವೆರಡೂ ಮಾತಾಡಿಕೊಳ್ಳುವ ಪದ್ಧತಿಗೆ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್, ಚಿಕ್ಕದಾಗಿ ಎಂಸಿಪಿ ಅನ್ನುತ್ತಾರೆ. 2024ರ ನವೆಂಬರಿನಲ್ಲಿ ಆಂಥ್ರೊಪಿಕ್ ಕಂಪನಿ ಇದನ್ನು ಯಾರು ಬೇಕಾದರೂ ಬಳಸುವಂತೆ ಬಿಡುಗಡೆ ಮಾಡಿತು. ಒಂದು ಸಲ ಬರೆದ ಸರ್ವರನ್ನು ಬೇರೆ ಬೇರೆ ಏಜೆಂಟುಗಳಿಗೆ ಜೋಡಿಸಬಹುದು.

ಹಂತ 1. ಪೈಥಾನ್ 3.10 ಅಥವಾ ಅದಕ್ಕಿಂತ ಹೊಸದು ಹಾಕಿಕೊಳ್ಳಿ. ಈ ಕೆಲಸಕ್ಕೇ ಒಂದು ವರ್ಚುವಲ್ ಎನ್ವಿರಾನ್‌ಮೆಂಟ್, ಅಂದರೆ ಇದರ ಲೈಬ್ರರಿಗಳಿಗೆ ಪ್ರತ್ಯೇಕ ಜಾಗ, ಮಾಡಿ. ಅದರಲ್ಲಿ ಎಂಸಿಪಿ ಲೈಬ್ರರಿ, ನಿಮ್ಮ ಫ್ರೇಮ್‌ವರ್ಕಿನ (ಏಜೆಂಟ್ ಕಟ್ಟಲು ಬಳಸುವ ಸಿದ್ಧ ಸಾಫ್ಟ್‌ವೇರ್, ಉದಾಹರಣೆಗೆ ಲ್ಯಾಂಗ್‌ಚೈನ್) ಎಂಸಿಪಿ ಅಡಾಪ್ಟರ್ ಎರಡನ್ನೂ ಇಳಿಸಿಕೊಳ್ಳಿ. ಲ್ಯಾಂಗ್‌ಚೈನ್ ಬಳಸುವವರಿಗೆ ಅಡಾಪ್ಟರ್ ಸಿದ್ಧವೇ ಇದೆ.

ಹಂತ 2. ಸರ್ವರ್ ಬರೆಯಿರಿ, ಒಂದೇ ಒಂದು ಟೂಲ್ ಇಟ್ಟು. ತಾರೀಕು ಕೊಟ್ಟರೆ ಆ ದಿನದ ಮಳೆ ಹೇಳುವ ಟೂಲ್ ಸಾಕು. ಬರೆಯುವ, ಅಳಿಸುವ ಟೂಲ್ ಮೊದಲ ದಿನ ಬೇಡವೇ ಬೇಡ. ನೂರಾರು ಟೂಲ್ ಒಟ್ಟಿಗೆ ತುಂಬಿದ ರೆಡಿಮೇಡ್ ಸರ್ವರುಗಳೂ ಸಿಗುತ್ತವೆ. ಅಂಥದ್ದೊಂದನ್ನು ಹಾಕಿ ನೋಡಿ ತೆಗೆದೆ. ಎಲ್ಲ ಟೂಲ್‌ಗಳ ವಿವರಣೆಯೂ ಪ್ರತಿ ಸಲ ಮಾಡೆಲ್ಲಿಗೆ ಹೋಗುತ್ತದೆ. ಖರ್ಚು ಜಾಸ್ತಿ, ತಪ್ಪು ಟೂಲ್ ಆರಿಸುವುದೂ ಜಾಸ್ತಿ. ಯಾರು ಬರೆದಿದ್ದಾರೆ ಅಂತ ಗೊತ್ತಿಲ್ಲದ ಸರ್ವರನ್ನಂತೂ ಓಡಿಸಲೇಬೇಡಿ. ಅದು ನಿಮ್ಮ ಕಂಪ್ಯೂಟರಿನಲ್ಲಿ ನಿಮ್ಮ ಹೆಸರಿನಲ್ಲೇ ಓಡುತ್ತದೆ.

ಹಂತ 3. ಎಲ್ಲರೂ ಕೆಡಿಸಿಕೊಳ್ಳುವುದು ಇಲ್ಲಿ, ನಿಧಾನವಾಗಿ ಓದಿ. ಸರ್ವರ್ ಮತ್ತು ಏಜೆಂಟ್ ಒಂದೇ ಕಂಪ್ಯೂಟರಿನಲ್ಲಿದ್ದರೆ ಸಾಮಾನ್ಯವಾಗಿ ಫ್ರೇಮ್‌ವರ್ಕೇ ಸರ್ವರನ್ನು ಶುರು ಮಾಡುತ್ತದೆ. ಆಮೇಲೆ ಎರಡೂ ಪೈಪಿನ ಮೂಲಕ, ಅಂದರೆ ಒಂದು ಪ್ರೋಗ್ರಾಂ ಬರೆದದ್ದನ್ನು ಇನ್ನೊಂದಕ್ಕೆ ಮುಟ್ಟಿಸುವ ದಾರಿಯಲ್ಲಿ, ಮಾತಾಡುತ್ತವೆ. ಸರ್ವರ್ ತನ್ನ ಸ್ಟ್ಯಾಂಡರ್ಡ್ ಔಟ್‌ಪುಟ್‌ಗೆ ಬರೆದದ್ದು ಪರದೆಗೆ ಬರುವುದಿಲ್ಲ, ನೇರವಾಗಿ ಏಜೆಂಟಿಗೆ ಹೋಗುತ್ತದೆ. ಅಲ್ಲಿ ಹೋಗುವ ಪ್ರತಿ ಸಾಲೂ ಜೇಸನ್-ಆರ್‌ಪಿಸಿ ಅನ್ನುವ ಗೊತ್ತುಮಾಡಿದ ರೂಪದ ಸಂದೇಶವೇ ಆಗಿರಬೇಕು. ನಮ್ಮ ಹುಡುಗ ಸರ್ವರಿನಲ್ಲಿ 'ಮಳೆ ಲೆಕ್ಕ ತೆರೆಯಿತು' ಅಂತ ಒಂದು ಪ್ರಿಂಟ್ ಹಾಕಿದ್ದ. ಎಲ್ಲಿವರೆಗೆ ಬಂತು ಅಂತ ತಿಳಿಯಲು ನಾವೆಲ್ಲ ಹಾಕುತ್ತೇವೆ, ಅಲ್ವಾ? ಆ ಸಾಲು ಪೈಪಿಗೆ ಬಿತ್ತು. ಸ್ಪ್ರಿಂಕ್ಲರ್ ಜೆಟ್ಟಿನ ಬಾಯಿಗೆ ಒಣ ಎಲೆ ಸಿಕ್ಕಿಕೊಂಡ ಹಾಗೆ ಆಯಿತು. ಏಜೆಂಟ್ ಜೇಸನ್ ಓದಲು ಹೋಗಿ, ಓದಲಾಗದೆ ನಿಂತಿತು.

ಇದರಲ್ಲಿ ಇನ್ನೊಂದು ತೊಡಕಿದೆ. ಪೈಪಿಗೆ ಬರೆಯುವಾಗ ಪೈಥಾನ್ ಕೆಲವೊಮ್ಮೆ ಸಾಲುಗಳನ್ನು ಕೂಡಿಟ್ಟುಕೊಂಡು ಆಮೇಲೆ ಕಳಿಸುತ್ತದೆ. ಹಾಗಾಗಿ ಬೆಳಿಗ್ಗೆ ಸರಿಯಿದ್ದದ್ದು ಮಧ್ಯಾಹ್ನ ಕೆಡಬಹುದು. ಆಗ ಜನ ನೆಟ್‌ವರ್ಕನ್ನೋ ಮಾಡೆಲ್ಲನ್ನೋ ಸುಮ್ನೆ ಅನುಮಾನಿಸುತ್ತಾರೆ. ಸರ್ವರ್ ಫೈಲಿನಲ್ಲಿ ಪ್ರಿಂಟ್ ಅಂತ ಹುಡುಕಿ ಒಂದೊಂದನ್ನೂ ತೆಗೆಯಿರಿ. ಏನಾದರೂ ಬರೆಯಲೇಬೇಕಿದ್ದರೆ ಸ್ಟ್ಯಾಂಡರ್ಡ್ ಎರರ್ ಅನ್ನುವ ಬೇರೆ ದಾರಿಗೆ ಬರೆಯಿರಿ. ಪೈಥಾನಿನ ಲಾಗಿಂಗ್ ತಾನಾಗಿಯೇ ಅಲ್ಲಿಗೆ ಬರೆಯುತ್ತದೆ. ನೋಡ್ ಜೆಎಸ್‌ನವರು ಕನ್ಸೋಲ್ ಲಾಗ್ ಬಿಟ್ಟು ಕನ್ಸೋಲ್ ಎರರ್ ಬಳಸಿ. ನೀವು ಸೇರಿಸಿಕೊಂಡ ಬೇರೆ ಲೈಬ್ರರಿಯೂ ಪ್ರಿಂಟ್ ಮಾಡುತ್ತಿರಬಹುದು, ಅದನ್ನೂ ನೋಡಿ.

ಆಮೇಲೆ ಫೈಲಿನ ದಾರಿ, ಅಂದರೆ ಪಾತ್. ಫ್ರೇಮ್‌ವರ್ಕಿನ ಸೆಟ್ಟಿಂಗಿನಲ್ಲಿ ಬರೀ 'ಪೈಥಾನ್' ಅಂತ ಬರೆದರೆ ಕಂಪ್ಯೂಟರಿನಲ್ಲಿರುವ ಬೇರೆ ಯಾವುದೋ ಪೈಥಾನ್ ಎದ್ದು, ಲೈಬ್ರರಿ ಇಲ್ಲ ಅನ್ನುತ್ತದೆ. ನಿಮ್ಮ ವರ್ಚುವಲ್ ಎನ್ವಿರಾನ್‌ಮೆಂಟಿನ ಒಳಗಿನ ಪೈಥಾನಿಗೂ ಸರ್ವರ್ ಫೈಲಿಗೂ ಪೂರ್ತಿ ದಾರಿ ಕೊಡಿ. ವಿಂಡೋಸ್ ಆದರೆ ಜೇಸನ್ ಫೈಲಿನಲ್ಲಿ ಹಿಮ್ಮುಖ ಓರೆಗೆರೆಯನ್ನು (ಬ್ಯಾಕ್‌ಸ್ಲ್ಯಾಶ್) ಎರಡೆರಡು ಸಲ ಹಾಕಿ. ನಿಮ್ಮ ಟರ್ಮಿನಲ್ಲಿನಲ್ಲಿದ್ದ ಕೀಗಳೆಲ್ಲ (ಪಾಸ್‌ವರ್ಡಿನಂಥ ಗುಟ್ಟಿನ ಸಂಕೇತಗಳು) ಸರ್ವರಿಗೆ ಸಿಗುತ್ತವೆ ಅಂದುಕೊಳ್ಳಬೇಡಿ. ಬೇಕಾದ್ದನ್ನು ಸೆಟ್ಟಿಂಗಿನಲ್ಲೇ ಹೆಸರಿಟ್ಟು ದಾಟಿಸಿ. ಬೇಗ ಆಗಲಿ ಅಂತ ಕೀಯನ್ನು ಕೋಡಿನೊಳಗೇ ಬರೆಯಬೇಡಿ. ಆ ಕೋಡನ್ನು ಸ್ನೇಹಿತರಿಗೆ ಕಳಿಸಿದ ದಿನ ಕೀಯೂ ಜೊತೆಗೆ ಹೋಗುತ್ತದೆ.

ಏಜೆಂಟಿಗೆ ಜೋಡಿಸುವ ಮೊದಲು ಸರ್ವರ್ ಪರೀಕ್ಷಿಸುವ ಎಂಸಿಪಿ ಇನ್‌ಸ್ಪೆಕ್ಟರ್‌ನಲ್ಲಿ ಅದನ್ನು ಓಡಿಸಿ ನೋಡಿ. ಬ್ರೌಸರಿನಲ್ಲಿ ತೆರೆದುಕೊಳ್ಳುತ್ತದೆ, ದುಡ್ಡು ಬೇಡ, ನೋಡ್ ಜೆಎಸ್ ಇದ್ದರೆ ಆಯಿತು. ಟೂಲ್ ಪಟ್ಟಿ ಬಂತಾ, ಒಂದು ತಾರೀಕು ಕೊಟ್ಟರೆ ಸರಿಯಾದ ಮಳೆ ಬಂತಾ ನೋಡಿ. ಇಲ್ಲಿ ಬಾರದ್ದು ಏಜೆಂಟಿನಲ್ಲೂ ಬರುವುದಿಲ್ಲ.

ಹಂತ 4. ಫ್ರೇಮ್‌ವರ್ಕಿನಲ್ಲಿ ಸರ್ವರಿನ ಹೆಸರು, ದಾರಿ ಬರೆದು ಟೂಲ್‌ಗಳನ್ನು ತರಿಸಿಕೊಂಡು ಏಜೆಂಟಿಗೆ ಕೊಡಿ. ಲ್ಯಾಂಗ್‌ಚೈನಿನಲ್ಲಿ ತರಿಸುವ ಸಾಲಿಗೆ ಅವೇಟ್ (ಉತ್ತರ ಬರುವವರೆಗೆ ಕಾಯಿಸುವ ಪದ) ಹಾಕಲು ಮರೆಯಬೇಡಿ. ಸರ್ವರ್ ದೂರದಲ್ಲಿದ್ದರೆ ಪೈಪಿನ ಬದಲು ನೆಟ್‌ವರ್ಕಿನ ಮೂಲಕ ಮಾತಾಡುವ ಸ್ಟ್ರೀಮೆಬಲ್ ಎಚ್‌ಟಿಟಿಪಿ ವಿಧಾನ ಬಳಸಿ. ಇದಕ್ಕೇ ಮೊದಲಿದ್ದ ಎಸ್‌ಎಸ್‌ಇ ವಿಧಾನ ಹೇಳಿಕೊಡುವ ಹಳೆಯ ವಿಡಿಯೋ ಬಿಟ್ಟುಬಿಡಿ, ಎಂಸಿಪಿಯ 2025ರ ಮಾರ್ಚ್ ಆವೃತ್ತಿಯಲ್ಲೇ ಅದರ ಜಾಗಕ್ಕೆ ಸ್ಟ್ರೀಮೆಬಲ್ ಎಚ್‌ಟಿಟಿಪಿ ಬಂದಿದೆ.

ಹಂತ 5. ಟೂಲಿನ ವಿವರಣೆಗೆ ಸಮಯ ಕೊಡಿ. ಮಾಡೆಲ್ ನಿಮ್ಮ ಕೋಡ್ ನೋಡುವುದಿಲ್ಲ, ಟೂಲಿನ ಹೆಸರು ಮತ್ತು ವಿವರಣೆ ನೋಡಿಯೇ ತೀರ್ಮಾನಿಸುತ್ತದೆ. ಹುಡುಗನ ವಿವರಣೆಯಲ್ಲಿ ಇದ್ದದ್ದು 'ಮಳೆ ಕೊಡುತ್ತದೆ' ಅಂತ ಮಾತ್ರ. ನಮ್ಮ ತೋಟಗಳಲ್ಲಿ ಮಳೆ ಅಳೆಯುವುದು ಇಂಚು, ಸೆಂಟ್ಸ್ ಲೆಕ್ಕದಲ್ಲಿ. ಪುಸ್ತಕದಲ್ಲಿ 1.20 ಅಂತ ಇದ್ದರೆ ಒಂದು ಇಂಚು ಇಪ್ಪತ್ತು ಸೆಂಟ್ಸ್, ಸುಮಾರು 30 ಮಿಲಿಮೀಟರ್. ಹೂವಿಗೆ ಒಳ್ಳೆಯ ಮಳೆ. ಏಜೆಂಟ್ ಅದನ್ನು 1.2 ಮಿಲಿಮೀಟರ್ ಅಂದುಕೊಂಡು, ಈ ಮಳೆ ಹೂವಿಗೆ ಸಾಲದು, ನೀರು ಹಾಯಿಸಿ ಅಂದಿತು! 'ಅಳತೆ ಇಂಚಿನಲ್ಲಿ, 100 ಸೆಂಟ್ಸ್ ಅಂದರೆ 1 ಇಂಚು, ತಾರೀಕು ಸಿಗದಿದ್ದರೆ ದಾಖಲೆ ಇಲ್ಲ ಎಂದು ಬರುತ್ತದೆ' ಅಂತ ಬರೆದ ಮೇಲೆ ಸರಿಹೋಯಿತು. ವಿವರಣೆ ಬದಲಿಸಿದಾಗಲೆಲ್ಲ ಏಜೆಂಟನ್ನು ನಿಲ್ಲಿಸಿ ಮತ್ತೆ ಶುರು ಮಾಡಿ. ಇಲ್ಲದಿದ್ದರೆ ಶುರುವಿನಲ್ಲಿ ತರಿಸಿಕೊಂಡ ಹಳೆಯ ವಿವರಣೆಯನ್ನೇ ಹಿಡಿದುಕೊಂಡಿರುತ್ತದೆ.