ಮನೆಯೊಳಗೆ ರೇಂಜ್ ಇಲ್ವಾ? ಮೊದಲು ಅಳೆಯಿರಿ, ಆಮೇಲೆ ಸರಿಪಡಿಸಿ

ಫೋನಿನಲ್ಲಿ ನಾಲ್ಕೂ ಕಡ್ಡಿ ತುಂಬಿರುತ್ತದೆ, ಆದರೂ ಆ ಕಡೆಯವರ ಮಾತು ತುಂಡು ತುಂಡಾಗಿ ಬರುತ್ತದೆ. ಇನ್ನೊಂದು ಮನೆಯಲ್ಲಿ ಸಿಟೌಟಿಗೆ ಬಂದರೆ ಎಲ್ಲ ಸರಿ, ಒಳಗೆ ಕಾಲಿಟ್ಟರೆ ಕರೆ ಕಟ್. ಇವೆರಡೂ ಬೇರೆ ಬೇರೆ ತೊಂದರೆ. ಎರಡನೆಯದರಲ್ಲಿ ಸಿಗ್ನಲ್ಲೇ ಕಮ್ಮಿ. ಮೊದಲನೆಯದರಲ್ಲಿ ಸಿಗ್ನಲ್ ಬೇಕಾದಷ್ಟಿದೆ, ಆದರೆ ಅದರ ಜೊತೆ ಬೇರೆ ಟವರ್‌ಗಳ ಸಿಗ್ನಲ್‌ನ ಗದ್ದಲವೂ ಇದೆ. ನಿಮ್ಮ ಮನೆಯದು ಯಾವುದು ಅಂತ ತಿಳಿದ ಮೇಲೆ ಮದ್ದು ಮಾಡಿ. ತಿಳಿಯದೆ ಮಾಡಿದ ಖರ್ಚು ಹೆಚ್ಚಾಗಿ ದಂಡವೇ.

ಕಡ್ಡಿ ಬಿಡಿ, ಅಂಕಿ ನೋಡಿ

ಯಾವ ಸಿಗ್ನಲ್‌ಗೆ ಎಷ್ಟು ಕಡ್ಡಿ ತೋರಿಸಬೇಕು ಅನ್ನುವುದು ಎಲ್ಲ ಫೋನ್‌ಗಳಲ್ಲೂ ಒಂದೇ ಅಲ್ಲ. ಹಾಗಾಗಿ ಅದನ್ನು ನಂಬಬೇಡಿ. ಆಂಡ್ರಾಯ್ಡ್ ಫೋನಾದರೆ ಸೆಟ್ಟಿಂಗ್ಸ್‌ನಲ್ಲಿ 'ಅಬೌಟ್ ಫೋನ್', ಅದರೊಳಗೆ 'ಸಿಮ್ ಸ್ಟೇಟಸ್' ತೆರೆಯಿರಿ. ತುಂಬ ಫೋನ್‌ಗಳಲ್ಲಿ *#*#4636#*#* ಒತ್ತಿದರೂ ಸಿಗುತ್ತದೆ. ಐಫೋನಿನಲ್ಲಿ *3001#12345#* ಒತ್ತಿ ಕರೆ ಮಾಡಿ.

ಅಲ್ಲಿ ಮೈನಸ್ ಇರುವ ಒಂದು ಅಂಕಿ ಕಾಣುತ್ತದೆ, ಸಿಗ್ನಲ್ ಶಕ್ತಿ ಅಳೆಯುವ ಡಿಬಿಎಂ ಲೆಕ್ಕದಲ್ಲಿ. 4ಜಿಯಲ್ಲಿ ಇದಕ್ಕೆ ಆರ್‌ಎಸ್‌ಆರ್‌ಪಿ ಅನ್ನುತ್ತಾರೆ. ಮೈನಸ್ 90ರ ಒಳಗಿದ್ದರೆ ಚೆನ್ನಾಗಿದೆ. ಮೈನಸ್ 100 ದಾಟಿದರೆ ಸೊರಗಿದೆ. ಮೈನಸ್ 115ರ ಆಚೆ ಹೋದರೆ ಕರೆ ನಿಲ್ಲುವುದೇ ಕಷ್ಟ. ಎರಡನೇ ಅಂಕಿ ಎಸ್‌ಐಎನ್‌ಆರ್, ಅಂದರೆ ನಮಗೆ ಬೇಕಾದ ಸಿಗ್ನಲ್ ಗದ್ದಲಕ್ಕಿಂತ ಎಷ್ಟು ಮೇಲಿದೆ ಎಂಬ ಲೆಕ್ಕ. 13ಕ್ಕಿಂತ ಮೇಲಿದ್ದರೆ ಒಳ್ಳೆಯದು, ಸೊನ್ನೆಗಿಂತ ಕೆಳಗೆ ಇಳಿದರೆ ತೊಂದರೆ ಗ್ಯಾರಂಟಿ. ನಿಮ್ಮ ಫೋನ್ ಇದನ್ನು ತೋರಿಸದಿದ್ದರೆ ಸೆಲ್ ಮಾಹಿತಿ ಕೊಡುವ ಉಚಿತ ಆ್ಯಪ್ ಹಾಕಿಕೊಳ್ಳಿ.

ಈಗ ಒಂದು ಚೀಟಿ ಹಿಡಿದುಕೊಂಡು ಮನೆ ಸುತ್ತಿ. ಒಂದೊಂದು ಕೋಣೆಯಲ್ಲಿ ಅರ್ಧ ನಿಮಿಷ ನಿಂತು ಎರಡೂ ಅಂಕಿ ಬರೆಯಿರಿ. ಸಿಟೌಟಿನಲ್ಲಿ ಮೈನಸ್ 92 ಇದ್ದದ್ದು ಚಾವಡಿಯಲ್ಲಿ ಮೈನಸ್ 104 ಆಗಿದೆ ಅಂದುಕೊಳ್ಳಿ. 12 ಅಂಕಿ ಅಷ್ಟೇ ಅಲ್ವಾ ಅನಿಸಬಹುದು. ಆದರೆ ಪ್ರತಿ 3 ಅಂಕಿಗೆ, ಅಂದರೆ 3 ಡಿಬಿಗೆ, ಶಕ್ತಿ ಅರ್ಧವಾಗುತ್ತದೆ. ಅಂದರೆ ಒಂದೇ ಗೋಡೆ ದಾಟುವಷ್ಟರಲ್ಲಿ ಸಿಗ್ನಲ್ 16ರಲ್ಲಿ ಒಂದು ಪಾಲಿಗೆ ಬಂತು. ಬೆಳಿಗ್ಗೆ ಒಮ್ಮೆ ಅಳೆಯಿರಿ, ಎಲ್ಲರೂ ವಿಡಿಯೊ ನೋಡುವ ರಾತ್ರಿ ಹೊತ್ತಿಗೆ ಇನ್ನೊಮ್ಮೆ ಅಳೆಯಿರಿ. ಮೊದಲ ಅಂಕಿ ಹಾಗೇ ಇದ್ದು ಎರಡನೆಯದು ಮಾತ್ರ ಕುಸಿದಿದ್ದರೆ ಅದು ಗದ್ದಲದ ಸಮಸ್ಯೆ.

ಸಿಗ್ನಲ್ಲೇ ಕಮ್ಮಿ ಇದ್ದರೆ

ನಮ್ಮ ಕರಾವಳಿಯಲ್ಲಿ ಮೊದಲು ನೋಡಬೇಕಾದದ್ದು ಮಾಡು, ಅಂದರೆ ಛಾವಣಿ. ಹಳೆ ಹಂಚಿನ ಮನೆಗಳಲ್ಲಿ ಸಿಗ್ನಲ್ ಸುಮಾರಾಗಿ ಒಳಗೆ ಬರುತ್ತಿತ್ತು. ಈಗ ಮಳೆ ಸೋರದಿರಲಿ ಅಂತ ಟೆರೇಸಿನ ಮೇಲೆ ಕಬ್ಬಿಣದ ಶೀಟ್ ಹಾಕಿಸದ ಮನೆ ಕಮ್ಮಿ. ಟವರ್ ಗುಡ್ಡೆಯ ಮೇಲಿದ್ದರೆ ಸಿಗ್ನಲ್ ಓರೆಯಾಗಿ ಮೇಲಿನಿಂದ ಬರುತ್ತದೆ, ಶೀಟ್ ಅದನ್ನು ಅಲ್ಲೇ ತಡೆಯುತ್ತದೆ. ಲೋಹವನ್ನು ದಾಟಿ ರೇಡಿಯೊ ಅಲೆ ಬರುವುದಿಲ್ಲ. ಹಾಗಂತ ಶೀಟ್ ತೆಗೆಯಬೇಕಾಗಿಲ್ಲ. ಟವರ್ ಇರುವ ದಿಕ್ಕಿನ ಬದಿಗೆ ಲೋಹದ ಬದಲು ಬೆಳಕು ಬರುವ ಫೈಬರ್ ಶೀಟ್ ಹಾಕಿಸಿ. ಅದು ಅಲೆಯನ್ನು ಒಳಗೆ ಬಿಡುತ್ತದೆ. ಟವರ್ ಯಾವ ದಿಕ್ಕಿಗಿದೆ ಅಂತ ದೂರಸಂಪರ್ಕ ಇಲಾಖೆಯ 'ತರಂಗ್ ಸಂಚಾರ್' ವೆಬ್‌ಸೈಟಿನಲ್ಲಿ ನೋಡಬಹುದು.

ಕೆಂಪುಕಲ್ಲಿನ ದಪ್ಪ ಗೋಡೆಯೂ ಸಿಗ್ನಲ್ ತಿನ್ನುತ್ತದೆ, ಮಳೆಗಾಲದಲ್ಲಿ ನೀರು ಕುಡಿದಾಗ ಇನ್ನೂ ಜಾಸ್ತಿ. ಸುತ್ತ ಅಡಿಕೆ ತೋಟ ಇದ್ದರೆ ಒದ್ದೆ ಸೋಗೆಯ ಕಥೆಯೂ ಅದೇ. ಮಳೆಹನಿ ಮಾತ್ರ ಮೊಬೈಲ್ ಅಲೆಗೆ ಅಷ್ಟೇನೂ ಅಡ್ಡಿ ಮಾಡುವುದಿಲ್ಲ. ಜಡಿಮಳೆಗೆ ನೆಟ್‌ವರ್ಕ್ ಪೂರ್ತಿ ಹೋಗುವುದಕ್ಕೆ ಕಾರಣ ಹೆಚ್ಚಾಗಿ ಬೇರೆ: ಕರೆಂಟ್ ಹೋಗಿ ಟವರಿನ ಬ್ಯಾಟರಿ ಮುಗಿದಿರುತ್ತದೆ, ಅಥವಾ ಟವರಿನಿಂದ ಟವರಿಗೆ ಇರುವ ಮೈಕ್ರೋವೇವ್ ಕೊಂಡಿ ಮಳೆಗೆ ಸೊರಗಿರುತ್ತದೆ. ಅದಕ್ಕೆ ಮನೆಯಲ್ಲಿ ಮದ್ದಿಲ್ಲ.

ಮನೆಯೊಳಗೆ 5ಜಿ ಬಂದು ಹೋಗಿ ಮಾಡುತ್ತಿದ್ದರೆ 4ಜಿಗೆ ಇಳಿಸಿ. 3300 ಮೆಗಾಹರ್ಟ್ಸ್‌ನ ಆಸುಪಾಸಿನ 5ಜಿ ಅಲೆಗಳು ಗೋಡೆ ದಾಟುವುದರಲ್ಲಿ ಹಿಂದೆ. 850, 900 ಮೆಗಾಹರ್ಟ್ಸ್‌ನ 4ಜಿ ಒಳಗಿನವರೆಗೂ ಬರುತ್ತದೆ. ಫೋನನ್ನು ಕಾರಿನಲ್ಲಿ ನಿಲ್ಲಿಸಲು ಅದರ ಕವರಿನೊಳಗೆ ಲೋಹದ ತಗಡು ಇಟ್ಟಿದ್ದರೆ ತೆಗೆದು ಮತ್ತೆ ಅಳೆಯಿರಿ.

ಎಲ್ಲಕ್ಕಿಂತ ಒಳ್ಳೆಯ ಮದ್ದು ವೈಫೈ ಕಾಲಿಂಗ್. ಮನೆಗೆ ಫೈಬರ್ ಇಂಟರ್ನೆಟ್ ಬಂದಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಅದನ್ನು ಆನ್ ಮಾಡಿ. ಮಾಮೂಲಿ ನಂಬರಿನಿಂದಲೇ ಕರೆ ವೈಫೈ ಮೂಲಕ ಹೋಗುತ್ತದೆ, ಟವರ್ ಬೇಕಾಗಿಯೇ ಇಲ್ಲ. ರೂಟರ್‌ಗೆ ಒಂದು ಸಣ್ಣ ಯುಪಿಎಸ್ ಇಟ್ಟುಕೊಳ್ಳಿ. ವಯಸ್ಸಾದ ಅಪ್ಪ ಅಮ್ಮ ಇಬ್ಬರೇ ಇರುವ ಮನೆಯಲ್ಲಿ ಇದನ್ನು ದಯವಿಟ್ಟು ಇವತ್ತೇ ಮಾಡಿಕೊಡಿ. ಫೈಬರ್ ಇಲ್ಲದ ಕಡೆ ಸಿಮ್ ಹಾಕುವ 4ಜಿ ರೂಟರ್ ತಂದು, ನಿಮ್ಮ ಚೀಟಿಯಲ್ಲಿ ಅಂಕಿ ಚೆನ್ನಾಗಿರುವ ಕಿಟಕಿಯ ಬಳಿ ಇಟ್ಟರೂ ಇದೇ ಕೆಲಸ ಆಗುತ್ತದೆ.

ಗದ್ದಲ ಜಾಸ್ತಿ ಇದ್ದರೆ

ಮಂಗಳೂರಿನ ಕದ್ರಿ, ಬಿಜೈ, ಇಲ್ಲವೇ ಮಣಿಪಾಲದ ಎತ್ತರದ ಫ್ಲ್ಯಾಟ್‌ಗಳಲ್ಲಿ ಈ ತೊಂದರೆ ಬರಬಹುದು. 4ಜಿಯಲ್ಲಿ ಅಕ್ಕಪಕ್ಕದ ಟವರ್‌ಗಳೆಲ್ಲ ಒಂದೇ ಫ್ರೀಕ್ವೆನ್ಸಿ ಬಳಸುತ್ತವೆ. ಮೇಲಿನ ಮಹಡಿಗೆ ದೂರದ ಟವರ್‌ಗಳೂ ನೇರ ಕಾಣುತ್ತವೆ. ಒಂದೇ ಬಯಲಿಗೆ ನಾಲ್ಕು ಯಕ್ಷಗಾನ ಮೇಳಗಳ ಮೈಕ್ ಕೇಳಿದ ಹಾಗೆ: ಶಬ್ದಕ್ಕೆ ಕಮ್ಮಿ ಇಲ್ಲ, ಯಾವ ಭಾಗವತರ ಪದವೂ ತಿಳಿಯುವುದಿಲ್ಲ.

ಇಲ್ಲಿ ಕಿಟಕಿಯ ಬಳಿ ಹೋದರೆ ಇನ್ನೂ ಕೆಡಬಹುದು. ಮನೆಯ ಇನ್ನೊಂದು ಬದಿಗೆ ಬನ್ನಿ, ಗೋಡೆ ಬೇಡದ ಟವರ್‌ಗಳನ್ನು ತಡೆಯಲಿ. ಎರಡನೇ ಅಂಕಿ ಎಲ್ಲಿ ಏರುತ್ತದೋ ಅದೇ ಮಾತಾಡುವ ಜಾಗ. ಹಾಟ್‌ಸ್ಪಾಟ್ ಹಾಕಿದಾಗ ಇಂಟರ್ನೆಟ್ ನಿಧಾನವಾಗುತ್ತಿದ್ದರೆ ಅದನ್ನು 5 ಗಿಗಾಹರ್ಟ್ಸ್‌ಗೆ ಬದಲಿಸಿ. ಹಳೇ ವೈಫೈ 2400 ಮೆಗಾಹರ್ಟ್ಸ್‌ನಿಂದ ಶುರುವಾಗುತ್ತದೆ, 4ಜಿಯ ಒಂದು ಫ್ರೀಕ್ವೆನ್ಸಿ ಪಟ್ಟಿ ಸರಿಯಾಗಿ ಅಲ್ಲಿಗೇ ಮುಗಿಯುತ್ತದೆ. ಒಂದೇ ಫೋನಿನೊಳಗೆ ಎರಡೂ ತಾಗಿಕೊಂಡು ಕೆಲಸ ಮಾಡಬೇಕಾಗುತ್ತದೆ.

ಬೂಸ್ಟರ್ ಬೇಡವೇ ಬೇಡ

ಆನ್‌ಲೈನಿನಲ್ಲಿ ಸಿಗುವ ಸಿಗ್ನಲ್ ಬೂಸ್ಟರ್ ತರಬೇಡಿ. ಪರವಾನಗಿ ಇರುವ ಮೊಬೈಲ್ ಕಂಪನಿಗಳನ್ನು ಬಿಟ್ಟು ಬೇರೆ ಯಾರೂ ಅದನ್ನು ಇಟ್ಟುಕೊಳ್ಳುವುದು, ಮಾರುವುದು, ಬಳಸುವುದು ಕಾನೂನುಬಾಹಿರ ಎಂದು ದೂರಸಂಪರ್ಕ ಇಲಾಖೆ 2022ರ ಜುಲೈಯಲ್ಲಿ ಸ್ಪಷ್ಟವಾಗಿ ಹೇಳಿದೆ. ಕಾನೂನಿನ ಮಾತಿಗಿಂತ ನನಗೆ ದೊಡ್ಡದಾಗಿ ಕಾಣುವುದು ನೆರೆಯವರಿಗೆ ಆಗುವ ತೊಂದರೆ. ಕಳಪೆ ಬೂಸ್ಟರ್ ಸಿಗ್ನಲ್ ಜೊತೆ ಗದ್ದಲವನ್ನೂ ಹಿಗ್ಗಿಸಿ ಟವರಿಗೆ ಕಳಿಸುತ್ತದೆ. ಹೊರಗಿನ ಆಂಟೆನಾ ಒಳಗಿನದಕ್ಕೆ ಹತ್ತಿರವಾದರೆ, ಮೈಕ್ ಕೂಗಿದಂತೆ ಅದೂ ಕೂಗತೊಡಗುತ್ತದೆ. ಆಗ ಆ ಟವರ್ ನಂಬಿದ ಇಡೀ ಊರಿನ ಕರೆ ಹಾಳು. ಅದರಲ್ಲಿ 108ಕ್ಕೆ ಮಾಡುವ ಕರೆಯೂ ಇರಬಹುದು.

ದೂರು ಕೊಡುವಾಗ

ಇಷ್ಟಾದರೂ ಸರಿಹೋಗದಿದ್ದರೆ 198ಕ್ಕೆ ಕರೆ ಮಾಡಿ. ಸುಮ್ನೆ 'ನೆಟ್‌ವರ್ಕ್ ಇಲ್ಲ' ಅನ್ನಬೇಡಿ. ಜಾಗ, ಹೊತ್ತು, ಎರಡೂ ಅಂಕಿ ಹೇಳಿ, ದೂರಿನ ಸಂಖ್ಯೆ ಬರೆದುಕೊಳ್ಳಿ. ಉತ್ತರ ಸಮಾಧಾನ ಕೊಡದಿದ್ದರೆ 30 ದಿನದೊಳಗೆ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು, ಅದಕ್ಕೆ ಶುಲ್ಕವಿಲ್ಲ. ನಾಲ್ಕಾರು ಮನೆಯವರು ತಮ್ಮ ತಮ್ಮ ಅಂಕಿ ಬರೆದು ಒಟ್ಟಿಗೆ ದೂರು ಕೊಟ್ಟರೆ ಕಂಪನಿಗೆ ತಳ್ಳಿಹಾಕುವುದು ಕಷ್ಟ.

ಕಂಪನಿ ಬದಲಿಸುವುದಾದರೆ ಮೊದಲು ಬೇರೆ ಸಿಮ್ ಇರುವ ನೆರೆಯವರನ್ನು ಮನೆಗೆ ಕರೆದು, ಅವರ ಫೋನಿನಲ್ಲೂ ಅದೇ ಕೋಣೆಗಳಲ್ಲಿ ಅಳೆಯಿರಿ. ಅದು ನಿಜಕ್ಕೂ ಚೆನ್ನಾಗಿದ್ದರೆ ಮಾತ್ರ 1900ಕ್ಕೆ ಪೋರ್ಟ್ ಸಂದೇಶ ಕಳಿಸಿ.